ಎದೆಯನ್ನು ಸೀಳದೆ ಉಸಿರಿಗೆ ದಾರಿ

ಯಾದಗಿರಿಯ ಕೋಟೆಯ ಬೆಟ್ಟವನ್ನು ಏರುವವರು ನಡುದಾರಿಯಲ್ಲಿ ಒಮ್ಮೆ ನಿಲ್ಲುವುದು ಸಹಜ. ಬಂಡೆಗೆ ಒರಗಿ, ಬೆವರೊರಸಿಕೊಂಡು, ಕೆಳಗೆ ಹರಡಿದ ಊರನ್ನು ನೋಡುತ್ತಿರುವಷ್ಟರಲ್ಲಿ ಉಸಿರು ತನ್ನ ಲಯಕ್ಕೆ ಮರಳುತ್ತದೆ. ಹೆಜ್ಜೆ ಮತ್ತೆ ಸಾಗುತ್ತದೆ. ಆದರೆ ಬೆಟ್ಟದ ಮಾತಂತಿರಲಿ, ಮನೆಯ ಅಂಗಳವನ್ನು ದಾಟುವುದರೊಳಗೆ ಮೂರು ಸಲ ನಿಲ್ಲಬೇಕಾದವರೂ ಉಂಟು. ಸ್ನಾನ ಮುಗಿಸಿ ಮೈ ಒರಸಿಕೊಳ್ಳುವುದೇ ಅವರಿಗೊಂದು ದೊಡ್ಡ ದುಡಿಮೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬನ್ನು ಆನಿಸಿ ಕುಳಿತೇ ಬೆಳಗು ಮಾಡುತ್ತಾರೆ. ಮನೆಯವರು ಇದಕ್ಕೆ ‘ದಮ್ಮು’ ಎಂಬ ಒಂದೇ ಹೆಸರನ್ನಿಟ್ಟು, “ವಯಸ್ಸಾಯ್ತ್ರಿ, ದಮ್ಮು ಬರೋದೇ” ಎಂದು ಸುಮ್ಮನಾಗುತ್ತಾರೆ.

ಆದರೆ ಇದು ವಯಸ್ಸಿನ ಧರ್ಮವಲ್ಲ, ರೋಗ. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುತ್ತಾರೆ. ಶ್ವಾಸನಾಳಗಳು ಊದಿ, ಕಿರಿದಾಗಿ, ಪುಪ್ಪುಸಗಳ ಒಳರಚನೆಯೇ ಸವೆದುಹೋಗುವ ದೀರ್ಘಕಾಲದ ವ್ಯಾಧಿ ಇದು. 2018ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜಿನ ಪ್ರಕಾರ 2016ರಲ್ಲಿ ಭಾರತದಲ್ಲಿ ಸುಮಾರು 5 ಕೋಟಿ 53 ಲಕ್ಷ ಜನರು ಈ ವ್ಯಾಧಿಗೆ ತುತ್ತಾಗಿದ್ದರು. ಅದೊಂದೇ ವರ್ಷ 8 ಲಕ್ಷ 48 ಸಾವಿರ ಮಂದಿ ಇದರಿಂದ ಮಡಿದರು. ಹೃದ್ರೋಗವನ್ನು ಬಿಟ್ಟರೆ ನಮ್ಮ ದೇಶದಲ್ಲಿ ಆ ವರ್ಷ ಅತಿ ಹೆಚ್ಚು ಜನರನ್ನು ಕೊಂದ ರೋಗವಿದು.

ಇಂಥ ರೋಗಿಗಳಲ್ಲಿ ಕೆಲವರಿಗೆ, ಎದೆಯನ್ನು ಸೀಳುವ ಶಸ್ತ್ರಕ್ರಿಯೆಯಿಲ್ಲದೆ, ಬಾಯಿಯ ಮೂಲಕವೇ ಪುಪ್ಪುಸದೊಳಕ್ಕೆ ಕಿರುಕವಾಟಗಳನ್ನು ಇಳಿಸಿ ಉಸಿರಾಟವನ್ನು ಹಗುರಗೊಳಿಸುವ ಚಿಕಿತ್ಸೆಯೊಂದು ಈಗ ಬಂದಿದೆ. ಅದರ ಸುದ್ದಿಯು ವಾರ್ತಾಪತ್ರಿಕೆಗಳಿಂದಲೂ ನಗರದ ನೆಂಟರಿಂದಲೂ ಸಣ್ಣ ಊರುಗಳನ್ನು ಮುಟ್ಟಿದೆ. ಹೊಲವನ್ನು ಒತ್ತೆಯಿಟ್ಟಾದರೂ ಅದನ್ನು ಮಾಡಿಸಬೇಕೆ? ಯಾರಿಗೆ ಅದು ಫಲಿಸುತ್ತದೆ, ಯಾರಿಗೆ ಇಲ್ಲ? ಇದನ್ನು ಮೊದಲೇ ತಿಳಿದಿರುವುದು ಒಳಿತು.

ಹೊಗೆಯ ಲೆಕ್ಕ

2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದವು. ಜೋಳ, ತೊಗರಿ, ಹತ್ತಿಗಳ ನಾಡಿದು. ನಾರಾಯಣಪುರ ಎಡದಂಡೆ ಕಾಲುವೆ ಹರಿದ ಮೇಲೆ ಶಹಾಪುರ, ಸುರಪುರಗಳ ಬಯಲು ಭತ್ತವನ್ನೂ ಕಂಡಿದೆ. ಬೆಳೆಯಿದ್ದಂತೆ ಉರುವಲು. ಸುಗ್ಗಿ ಮುಗಿದೊಡನೆ ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆಗಳು ಹಿತ್ತಿಲಲ್ಲಿ ಬಣವೆಯಾಗುತ್ತವೆ. ಜೊತೆಗೆ ಕುಳ್ಳು. ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದು ಮುಗಿಸುವುದು ಅರ್ಧ ಗಂಟೆಯ ಕೆಲಸವಲ್ಲ. ಆ ಹೊತ್ತೆಲ್ಲ ಹೆಂಗಸಿನ ಮುಖವು ಒಲೆಯ ಎದುರಿಗೇ ಇರುತ್ತದೆ. ಕಿಟಕಿಯಿಲ್ಲದ ಅಡುಗೆಮನೆಯಾದರೆ ಹೊಗೆಯು ಅಲ್ಲಿಯೇ ಸುಳಿದಾಡುತ್ತದೆ.

ಈ ಹೊಗೆಗೂ ಒಂದು ಲೆಕ್ಕವುಂಟು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ ಮತ್ತು ಸಂಗಡಿಗರು ಆ ಭಾಗದ ಗ್ರಾಮೀಣ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದು ಎಷ್ಟು ವರ್ಷ—ಇವೆರಡನ್ನು ಗುಣಿಸಿದಾಗ ಬರುವ ಅಂಕೆಯು 60ನ್ನು ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯವು ಗಣನೀಯವಾಗುತ್ತದೆಂದು ಅವರು ಕಂಡುಕೊಂಡರು. ದಿನಕ್ಕೆ 4 ಗಂಟೆ, 15 ವರ್ಷ—ಅಲ್ಲಿಗೆ 60 ಆಯಿತು. ಇಪ್ಪತ್ತರಲ್ಲಿ ಗಂಡನ ಮನೆಯ ಒಲೆಯ ಮುಂದೆ ಕುಳಿತವಳು ಮೂವತ್ತೈದಕ್ಕೇ ಆ ಗೆರೆಯನ್ನು ದಾಟುತ್ತಾಳೆ. ಬೀಡಿಯನ್ನು ಒಮ್ಮೆಯೂ ಮುಟ್ಟದ ತಾಯಂದಿರಿಗೆ ಈ ರೋಗವೇಕೆ ಬಂತೆಂಬುದಕ್ಕೆ ಉತ್ತರ ಇಲ್ಲಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡ ಮನೆಗಳಿಗೆ ಗ್ಯಾಸ್ ಒಲೆ ಬಂದಿದೆಯಾದರೂ, ಸಿಲಿಂಡರಿನ ಬೆಲೆಗೆ ಅಂಜಿ ಚಹಕ್ಕೆ ಗ್ಯಾಸು, ರೊಟ್ಟಿಗೆ ಕಟ್ಟಿಗೆ ಎಂದು ಹಂಚಿಕೊಂಡ ಮನೆಗಳಲ್ಲಿ ಹೊಗೆ ತಪ್ಪಿದ್ದಲ್ಲ.

ಗಂಡಸರ ಪಾಲಿಗೆ ಮುಖ್ಯ ಶತ್ರು ಬೀಡಿ, ಸಿಗರೇಟು. ಅದರ ಮೇಲೆ ಜಿನ್ನಿನ ಹತ್ತಿಯ ಧೂಳು, ದಾಲ್ ಮಿಲ್ಲಿನ ಹೊಟ್ಟು, ಕಲ್ಲು ಒಡೆಯುವಲ್ಲಿನ ಪುಡಿ. ಚಿಕ್ಕಂದಿನಲ್ಲಿ ಬಂದುಹೋದ ಕ್ಷಯವೂ ಪುಪ್ಪುಸದಲ್ಲಿ ಗಾಯದ ಕಲೆಯನ್ನು ಬಿಟ್ಟು, ಮುಂದೆ ಇಂಥದೇ ಏದುಸಿರಿಗೆ ಕಾರಣವಾಗಬಲ್ಲದು.

ತುಂಬಿದ ತಿದಿ

ಆರೋಗ್ಯವಂತನ ಪುಪ್ಪುಸಗಳಲ್ಲಿ ಸುಮಾರು 30 ಕೋಟಿಗೂ ಮಿಕ್ಕಿ ಸೂಕ್ಷ್ಮ ಗಾಳಿಗೂಡುಗಳಿವೆ. ಅವುಗಳ ಗೋಡೆಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರಿನಷ್ಟು ಹರವಾದೀತು. ಇಷ್ಟು ವಿಸ್ತಾರವಾದ ತೆಳುಪೊರೆಯ ಮೂಲಕ ಪ್ರಾಣವಾಯುವು ರಕ್ತವನ್ನು ಸೇರುತ್ತದೆ. ಎಂಫಿಸೀಮ ಎಂಬ ಬಗೆಯಲ್ಲಿ ಈ ಗೋಡೆಗಳು ಒಡೆದು, ಹತ್ತಾರು ಸಣ್ಣ ಗೂಡುಗಳು ಸೇರಿ ಒಂದು ದೊಡ್ಡ ಪೊಳ್ಳು ಚೀಲವಾಗುತ್ತದೆ. ಪುಪ್ಪುಸದ ಪುಟಿತವು ಕಳೆದುಹೋಗುತ್ತದೆ. ಒಳಗೆ ಹೋದ ಗಾಳಿಯು ಪೂರ್ತಿಯಾಗಿ ಹೊರಗೆ ಬರುವುದಿಲ್ಲ.

ಕಮ್ಮಾರನ ತಿದಿಯನ್ನು ನೆನೆಯಿರಿ. ಒತ್ತಿದಾಗ ಅದು ಬರಿದಾದರೆ ತಾನೆ ಮತ್ತೆ ಗಾಳಿಯನ್ನು ಎಳೆದುಕೊಳ್ಳುವುದು? ಬರಿದಾಗದ ತಿದಿಯನ್ನು ಎಷ್ಟು ಜಗ್ಗಿದರೂ ಕೆಂಡ ಹೊಳೆಯದು. ಈ ರೋಗಿಗಳ ಎದೆಯೂ ಅಂಥದೇ. ಹಳೆಯ ಗಾಳಿಯಿಂದ ಊದಿಕೊಂಡ ಪುಪ್ಪುಸವು ಕೆಳಗಿನ ವಪೆಯನ್ನು ತಳ್ಳಿ ಚಪ್ಪಟೆ ಮಾಡುತ್ತದೆ. ಕಮಾನಿನಂತೆ ಏರಿಳಿಯಬೇಕಾದ ಆ ಸ್ನಾಯುವು ಅಲುಗಾಡಲಾರದಾಗುತ್ತದೆ. ಹಾಳಾದ ಭಾಗವು ಕೆಲಸವನ್ನೂ ಮಾಡದೆ, ಜಾಗವನ್ನೂ ಬಿಡದೆ, ಇನ್ನೂ ಚೆನ್ನಾಗಿರುವ ಭಾಗವನ್ನು ಅದುಮಿಟ್ಟಿರುತ್ತದೆ. ಹಾಗಾದರೆ ಆ ಹಾಳು ಭಾಗವನ್ನೇ ತೆಗೆದುಬಿಟ್ಟರೆ?

ಕತ್ತರಿಯಿಂದ ಕವಾಟದವರೆಗೆ

ಈ ವಿಚಾರವು 1950ರ ದಶಕದಲ್ಲಿಯೇ ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಆಟೋ ಬ್ರಾಂಟಿಗನ್ನನಿಗೆ ಹೊಳೆಯಿತು. ಊದಿದ ಪುಪ್ಪುಸದ ಅಂಚುಗಳನ್ನು ಕತ್ತರಿಸಿ ತೆಗೆದರೆ ಉಳಿದ ಭಾಗಕ್ಕೆ ಅವಕಾಶವಾದೀತೆಂಬುದು ಆತನ ತರ್ಕ. ಬದುಕುಳಿದವರಲ್ಲಿ ಹಲವರಿಗೆ ಉಸಿರು ಹಗುರವಾಯಿತು. ಆದರೆ ಸುಮಾರು ಆರರಲ್ಲಿ ಒಬ್ಬರು ಶಸ್ತ್ರಕ್ರಿಯೆಯಿಂದಲೇ ತೀರಿಕೊಂಡರು. ವೈದ್ಯಲೋಕವು ಅದನ್ನು ಕೈಬಿಟ್ಟಿತು. ನಾಲ್ಕು ದಶಕಗಳ ಅನಂತರ, 1993ರಲ್ಲಿ, ಸೇಂಟ್ ಲೂಯಿಸ್ ನಗರದ ಜೋಯಲ್ ಕೂಪರ್ ಸುಧಾರಿಸಿದ ಅರಿವಳಿಕೆ, ಹೊಲಿಗೆಗಳ ನೆರವಿನಿಂದ ಅದಕ್ಕೆ ಮರುಜೀವವಿತ್ತರು.

ಆ ಮೇಲೆ 1,218 ರೋಗಿಗಳನ್ನು ಸೇರಿಸಿಕೊಂಡು ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶವು 2003ರಲ್ಲಿ ಹೊರಬಂದಿತು. ರೋಗವು ಪುಪ್ಪುಸದ ಮೇಲ್ಭಾಗದಲ್ಲಿ ಹೆಚ್ಚಾಗಿದ್ದು, ವ್ಯಾಯಾಮದ ಬಳಿಕವೂ ನಡೆಯುವ ಶಕ್ತಿ ತೀರ ಕಡಿಮೆಯಿದ್ದವರು ಶಸ್ತ್ರಕ್ರಿಯೆಯಿಂದ ಹೆಚ್ಚು ಕಾಲ ಬದುಕಿದರು. ಆದರೆ ಒಟ್ಟಿನಲ್ಲಿ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ನೂರಕ್ಕೆ 7.9 ಮಂದಿ 90 ದಿನಗಳೊಳಗೆ ತೀರಿಕೊಂಡರು; ಔಷಧಿಯನ್ನಷ್ಟೇ ಪಡೆದವರಲ್ಲಿ ಈ ಸಂಖ್ಯೆ 1.3. ಫಲವುಂಟು, ಬೆಲೆಯೂ ಭಾರಿ. ಕತ್ತರಿಯಿಲ್ಲದೆ ಇದೇ ಫಲವನ್ನು ಪಡೆಯುವ ಉಪಾಯವನ್ನು ಅರಸಲು ಇದೇ ಪ್ರೇರಣೆಯಾಯಿತು.

ದಾರಿಯಂತೂ ಮೊದಲೇ ತೆರೆದಿತ್ತು. ಜರ್ಮನಿಯ ಫ್ರೈಬರ್ಗಿನಲ್ಲಿ ಗುಸ್ತಾವ್ ಕಿಲಿಯನ್ 1897ರಲ್ಲಿಯೇ ಒಂದು ನೆಟ್ಟನೆಯ ಕೊಳವೆಯನ್ನು ಬಾಯಿಯಿಂದ ಇಳಿಸಿ, ರೈತನೊಬ್ಬನ ಶ್ವಾಸನಾಳದಲ್ಲಿ ಸಿಕ್ಕಿಬಿದ್ದಿದ್ದ ಮೂಳೆಯ ಚೂರನ್ನು ಹೊರತೆಗೆದಿದ್ದ. 1966ರಲ್ಲಿ ಜಪಾನಿನ ಶಿಗೆತೊ ಇಕೆದಾ ಬಳುಕುವ ಬ್ರಾಂಕೋಸ್ಕೋಪನ್ನು ಲೋಕದ ಮುಂದಿಟ್ಟರು. ಆ ಕೊಳವೆಯೊಳಗಿಂದ ಕವಾಟವನ್ನು ಸಾಗಿಸುವುದೇ ಹೊಸ ಯುಕ್ತಿ.

ತೂಬು ಮತ್ತು ಬದು

ಕವಾಟವು ಕಿರುಬೆರಳ ತುದಿಗಿಂತ ದೊಡ್ಡದಲ್ಲ. ಲೋಹದ ಜಾಲಿಯ ಚೌಕಟ್ಟು, ಅದರೊಳಗೆ ಸಿಲಿಕೋನಿನ ತುಟಿಗಳು. ಈ ತುಟಿಗಳು ಒಂದೇ ದಿಕ್ಕಿಗೆ ತೆರೆಯುತ್ತವೆ: ಉಸಿರು ಬಿಟ್ಟಾಗ ಗಾಳಿಯೂ ಕಫವೂ ಹೊರಕ್ಕೆ ಬರಬಹುದು, ಉಸಿರೆಳೆದಾಗ ಗಾಳಿ ಒಳಕ್ಕೆ ಹೋಗಲಾರದು. ತೀರ ಹಾಳಾದ ಒಂದು ಹಾಲೆಯನ್ನು ಆರಿಸಿ, ಅದಕ್ಕೆ ಹೋಗುವ ಕವಲುನಾಳಗಳಿಗೆಲ್ಲ ಒಂದೊಂದು ಕವಾಟವನ್ನು ಕೂರಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ಬೇಕಾಗುತ್ತವೆ. ಹೊಸ ಗಾಳಿಯ ಸರಬರಾಜು ನಿಂತು, ಇದ್ದ ಗಾಳಿ ಸೋರಿಹೋಗಿ, ಆ ಹಾಲೆಯು ಕುಗ್ಗುತ್ತದೆ. ಅದುಮಿಕೊಂಡಿದ್ದ ನೆರೆಯ ಭಾಗವು ಅರಳುತ್ತದೆ. ವಪೆಗೆ ಮತ್ತೆ ಕಮಾನಿನ ಆಕಾರ ಬರುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುವ ಕಾರ್ಯವಿದು. ಎದೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಒಗ್ಗದಿದ್ದರೆ ಕವಾಟವನ್ನು ಹೊರತೆಗೆಯಲೂ ಬಹುದು.

ಆದರೆ ಇಲ್ಲೊಂದು ಮರ್ಮವಿದೆ. ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಅದನ್ನು ವಿವರಿಸಬೇಕಾದ್ದಿಲ್ಲ. ಗದ್ದೆಯೊಂದನ್ನು ಒಣಗಿಸಬೇಕೆಂದು ಅದರ ತೂಬನ್ನು ಮುಚ್ಚುತ್ತೀರಿ. ನೆರೆಗದ್ದೆಯ ನಡುವಣ ಬದು ಗಟ್ಟಿಯಾಗಿದ್ದರೆ ಗದ್ದೆ ಒಣಗುತ್ತದೆ. ಬದು ಒಡೆದಿದ್ದರೆ? ತೂಬನ್ನು ಎಷ್ಟು ಭದ್ರವಾಗಿ ಮುಚ್ಚಿದರೇನು, ಪಕ್ಕದಿಂದ ನೀರು ನುಗ್ಗುತ್ತಲೇ ಇರುತ್ತದೆ. ಪುಪ್ಪುಸದಲ್ಲಿಯೂ ಹೀಗೆಯೇ. ಬಲಗಡೆ ಮೂರು, ಎಡಗಡೆ ಎರಡು ಹಾಲೆಗಳಿದ್ದು, ಅವುಗಳ ನಡುವೆ ಪೊರೆಯ ಬದುವಿದೆ. ಹಲವರಲ್ಲಿ ಈ ಬದು ಅಪೂರ್ಣ. ಅಂಥವರಿಗೆ ಕವಾಟ ಕೂರಿಸಿದರೂ ಹಾಲೆಯು ಕುಗ್ಗುವುದಿಲ್ಲ. ಖರ್ಚು, ತೊಂದರೆಗಳು ಮಾತ್ರ ಉಳಿಯುತ್ತವೆ.

ಈ ಅರಿವು ಸೋಲಿನಿಂದಲೇ ಬಂದದ್ದು. 321 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಮೊದಲ ದೊಡ್ಡ ಪರೀಕ್ಷೆಯಲ್ಲಿ ಕವಾಟಗಳ ಲಾಭವು ಅತ್ಯಲ್ಪವೆನಿಸಿತು. ಆದರೆ ಬದು ಪೂರ್ಣವಾಗಿದ್ದವರನ್ನು ಬೇರ್ಪಡಿಸಿ ನೋಡಿದಾಗ ಲಾಭವು ಎದ್ದು ಕಂಡಿತು. ಅಂದಿನಿಂದ ಸಿ.ಟಿ. ಚಿತ್ರದಲ್ಲಿ ಬದುವನ್ನು ಅಳೆದು, ಪುಟ್ಟ ಬಲೂನಿನಿಂದ ನಾಳವನ್ನು ತಾತ್ಕಾಲಿಕವಾಗಿ ಮುಚ್ಚಿ, ಗಾಳಿ ಪಕ್ಕದಿಂದ ನುಸುಳುತ್ತಿದೆಯೇ ಎಂದು ಪರೀಕ್ಷಿಸಿಯೇ ಮುಂದುವರಿಯುವುದು ನಿಯಮವಾಯಿತು.

ಹೀಗೆ ಆರಿಸಿದ 190 ರೋಗಿಗಳ ಪರೀಕ್ಷೆಯ ಫಲವು 2018ರಲ್ಲಿ ಬಂದಿತು. ಒಂದು ವರ್ಷದ ಬಳಿಕ, ಕವಾಟ ಹಾಕಿಸಿಕೊಂಡವರಲ್ಲಿ ನೂರಕ್ಕೆ 47.7 ಮಂದಿಯ ಉಸಿರು ಬಿಡುವ ಶಕ್ತಿಯು ಹದಿನೈದು ಪ್ರತಿಶತ ಅಥವಾ ಹೆಚ್ಚು ಸುಧಾರಿಸಿತ್ತು. ಔಷಧಿಯಲ್ಲಿಯೇ ಇದ್ದವರಲ್ಲಿ ಹಾಗಾದವರು ನೂರಕ್ಕೆ 16.8 ಮಾತ್ರ. ಆರು ನಿಮಿಷಗಳಲ್ಲಿ ನಡೆಯಬಲ್ಲ ದೂರದಲ್ಲಿ ಎರಡು ಗುಂಪುಗಳ ನಡುವಣ ಅಂತರವು ಸುಮಾರು 39 ಮೀಟರು. ಆರೋಗ್ಯವಂತರಿಗೆ ಇದು ಏನೂ ಅಲ್ಲ. ಆದರೆ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಕಟ್ಟೆಗೆ ಯಾರ ಕೈಯನ್ನೂ ಹಿಡಿಯದೆ ಹೋಗಿಬರಲಾರದವನಿಗೆ ಆ 39 ಮೀಟರು ಮನೆಯೊಳಗಿನ ಸ್ವಾತಂತ್ರ್ಯವೇ ಸರಿ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಕವಾಟಕ್ಕೆ ಒಪ್ಪಿಗೆಯಿತ್ತಿತು.

ನಾಣ್ಯದ ಮತ್ತೊಂದು ಮುಖ

ಗಾಯವಿಲ್ಲದ ಚಿಕಿತ್ಸೆಯೆಂದರೆ ಅಪಾಯವಿಲ್ಲದ ಚಿಕಿತ್ಸೆಯೆಂದು ಅರ್ಥವಲ್ಲ. ಒಂದು ಹಾಲೆ ಥಟ್ಟನೆ ಕುಗ್ಗಿದಾಗ ನೆರೆಯ ಹಾಲೆಯು ಎಳೆತಕ್ಕೆ ಸಿಕ್ಕಿ ಹರಿದು, ಗಾಳಿಯು ಪುಪ್ಪುಸದ ಹೊರಗೆ ಎದೆಗೂಡಿನಲ್ಲಿ ಸೇರಿಕೊಳ್ಳಬಹುದು. ಅದೇ ಪರೀಕ್ಷೆಯಲ್ಲಿ ಕವಾಟ ಹಾಕಿಸಿಕೊಂಡ 128 ಮಂದಿಯಲ್ಲಿ 34 ಮಂದಿಗೆ, ಎಂದರೆ ನಾಲ್ವರಲ್ಲಿ ಒಬ್ಬರಿಗೆ, ಹೀಗಾಯಿತು. ಮೊದಲ 45 ದಿನಗಳಲ್ಲಿ ನಾಲ್ವರು ತೀರಿಕೊಂಡರು. ಈ ತೊಂದರೆಯು ಬಹುಮಟ್ಟಿಗೆ ಮೊದಲ ಮೂರು ದಿನಗಳಲ್ಲಿಯೇ ಕಾಣಿಸುವುದರಿಂದ ಅಷ್ಟು ದಿನವಾದರೂ ರೋಗಿಯನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ. ಆ ಮೇಲೂ ಕೆಲವು ವಾರ ಎಚ್ಚರ ಬೇಕು. ದೂರದ ನಗರದಲ್ಲಿ ಕವಾಟ ಹಾಕಿಸಿ ಮರುದಿನವೇ ರೈಲು ಹತ್ತಿ ಊರಿಗೆ ಬರುವೆನೆನ್ನುವುದು ಸಾಹಸವಲ್ಲ, ಅವಿವೇಕ.

ಬೀಡಿ ಸಿಗರೇಟುಗಳನ್ನು ಬಿಡದವರಿಗೆ ಈ ಚಿಕಿತ್ಸೆ ಮಾಡುವುದಿಲ್ಲ. ಆ ಪರೀಕ್ಷೆಯಲ್ಲಿ ಕನಿಷ್ಠ ನಾಲ್ಕು ತಿಂಗಳು ಹೊಗೆ ತೊರೆದವರನ್ನೇ ಸೇರಿಸಿಕೊಂಡಿದ್ದರು. ಮತ್ತೊಂದು ವಿಷಯವು ನಮ್ಮ ಹಳ್ಳಿಗಳ ಮಟ್ಟಿಗೆ ಮುಖ್ಯವಾದುದು. ಒಲೆಯ ಹೊಗೆಯಿಂದ ರೋಗ ಬಂದವರನ್ನೂ ಧೂಮಪಾನದಿಂದ ಬಂದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ, ಮೊದಲಿನವರಿಗೆ ಗಾಳಿಗೂಡು ಒಡೆಯುವುದು ಕಡಿಮೆ, ನಾಳಗಳು ಕಿರಿದಾಗುವುದು ಹೆಚ್ಚು ಎಂದು ಕಂಡುಬಂದಿದೆ. ಕವಾಟವಾದರೋ ಗಾಳಿ ತುಂಬಿ ಊದಿದ ಪುಪ್ಪುಸಕ್ಕೆ ಹೇಳಿದ ಚಿಕಿತ್ಸೆ. ಆದ್ದರಿಂದ ಒಲೆಯ ಮುಂದೆ ಉಸಿರು ಸವೆಸಿದ ತಾಯಂದಿರಲ್ಲಿ ಅನೇಕರಿಗೆ ಇದು ಹೊಂದದು.

ಬೇರೆ ಉಪಾಯಗಳೂ ಬಂದಿವೆ. ಲೋಹದ ಸುರುಳಿಗಳನ್ನು ಒಳಗಿಟ್ಟು ಪುಪ್ಪುಸವನ್ನು ಮುದುಡಿಸುವ ವಿಧಾನವು ಕೆಲಕಾಲ ಬಳಕೆಯಲ್ಲಿದ್ದು ಹಿಂದೆ ಸರಿಯಿತು. ಬಿಸಿ ಹಬೆಯನ್ನು ಹಾಯಿಸಿ ಹಾಳು ಭಾಗವನ್ನು ಕುಗ್ಗಿಸುವ ವಿಧಾನಕ್ಕೆ ಬದುವಿನ ಹಂಗಿಲ್ಲ. ಆದರೆ ಅದರ ಬಳಕೆ ಸೀಮಿತ. ಶಸ್ತ್ರಕ್ರಿಯೆಯೂ ಈಗ ಸಣ್ಣ ರಂಧ್ರಗಳ ಮೂಲಕ ನಡೆಯುತ್ತದೆ. ಬ್ರಿಟನ್ನಿನಲ್ಲಿ 88 ರೋಗಿಗಳಲ್ಲಿ ಇದನ್ನೂ ಕವಾಟವನ್ನೂ ಹೋಲಿಸಿದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳುವಂತಿರಲಿಲ್ಲ.

ಮೊದಲ ಮೆಟ್ಟಿಲುಗಳು

ಕವಾಟವು ಮೇಲಿನ ಮೆಟ್ಟಿಲು. ಕೆಳಗಿನ ಮೆಟ್ಟಿಲುಗಳನ್ನು ಹತ್ತದೆ ಅಲ್ಲಿಗೆ ಹಾರುವಂತಿಲ್ಲ.

ಮೊದಲನೆಯದು ರೋಗನಿರ್ಣಯ. ಕೊಳವೆಯೊಂದಕ್ಕೆ ಜೋರಾಗಿ ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯಿಂದಲೇ ಈ ರೋಗವು ಖಚಿತವಾಗುವುದು. ಎದೆಯ ಎಕ್ಸ್-ರೇ ಒಂದೇ ಸಾಲದು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆ ಮಾಡಿಸಿ ಕ್ಷಯವಿಲ್ಲವೆಂಬುದನ್ನು ತಿಳಿಯಬೇಕು. ಎರಡನೆಯದು ಹೊಗೆಯನ್ನು ಬಿಡುವುದು. ಹೋದ ಗಾಳಿಗೂಡು ಮರಳಿ ಬಾರದು, ನಿಜ. ಆದರೆ ಬೀಡಿಯನ್ನು ಬಿಟ್ಟ ದಿನದಿಂದ ಸವೆತವು ನಿಧಾನವಾಗುತ್ತದೆ.

ಮೂರನೆಯದು ಸೇದುವ ಔಷಧಿ. ಇನ್‌ಹೇಲರ್ ಎಂದರೆ ಕಟ್ಟಕಡೆಯ ಮದ್ದು, ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಭೀತಿಯು ಜನರಲ್ಲಿ ಬೇರೂರಿದೆ. ಇದು ತಪ್ಪು. ಮಾತ್ರೆಯು ಮೈಗೆಲ್ಲ ಹರಡಬೇಕು. ಸೇದುವ ಔಷಧಿಯಾದರೋ ಅಲ್ಪ ಪ್ರಮಾಣದಲ್ಲಿ ನೇರವಾಗಿ ನಾಳವನ್ನೇ ಮುಟ್ಟುತ್ತದೆ. ಅದನ್ನು ಎಳೆದುಕೊಳ್ಳುವ ಕ್ರಮವನ್ನು ಮಾತ್ರ ವೈದ್ಯರ ಮುಂದೆಯೇ ಕಲಿಯಬೇಕು. ನಾಲ್ಕನೆಯದು ವ್ಯಾಯಾಮ: ಮಾರ್ಗದರ್ಶನದಲ್ಲಿ ವಾರಗಟ್ಟಲೆ ನಡೆಯುವ ಅಭ್ಯಾಸ, ತುಟಿಗಳನ್ನು ಸಿಳ್ಳೆ ಹೊಡೆಯುವಂತೆ ಮುದುಡಿ ನಿಧಾನವಾಗಿ ಉಸಿರು ಬಿಡುವ ಶಿಕ್ಷಣ, ಪುಷ್ಟಿಯಾದ ಆಹಾರ. ಇದು ಖರ್ಚಿಲ್ಲದ್ದೆಂದೇ ಅನೇಕರು ಕಡೆಗಣಿಸುತ್ತಾರೆ. ಕವಾಟದ ಚಿಕಿತ್ಸೆಗೆ ಹೋಗುವವರೂ ಇದನ್ನು ಮುಗಿಸಿಯೇ ಹೋಗಬೇಕು. ಜೊತೆಗೆ ಫ್ಲೂ, ನ್ಯುಮೋನಿಯಾಗಳ ಲಸಿಕೆ.

ಐದನೆಯದು ಮನೆಯಲ್ಲಿ ಆಮ್ಲಜನಕ. ರಕ್ತದಲ್ಲಿ ಆಮ್ಲಜನಕವು ತೀರ ಇಳಿದವರಿಗೆ ದಿನಕ್ಕೆ 15 ಗಂಟೆಗಳಿಗೆ ಕಡಿಮೆಯಿಲ್ಲದಂತೆ ಅದನ್ನು ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು 1980, 1981ರಲ್ಲಿ ಪ್ರಕಟವಾದ ಅಮೆರಿಕ, ಬ್ರಿಟನ್ನುಗಳ ಪರೀಕ್ಷೆಗಳು ತೋರಿಸಿದವು. ಏದುಸಿರು ಬಂದಾಗ ಹತ್ತು ನಿಮಿಷ ಹಿಡಿದು ಇಡುವುದರಿಂದ ಆ ಫಲವಿಲ್ಲ. ಆಮ್ಲಜನಕದ ಯಂತ್ರವಿರುವ ಕೋಣೆಯಲ್ಲಿ ಬೀಡಿ, ದೀಪ, ಒಲೆಗಳು ಸುಳಿಯಕೂಡದು.

ಪ್ರಯಾಣಕ್ಕೆ ಮೊದಲು

ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜುಂಟು. ಕಲಬುರಗಿಯಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಮೊದಲ ಐದು ಮೆಟ್ಟಿಲುಗಳಿಗೆ ಅಷ್ಟು ದೂರ ಸಾಕು. ಎದೆರೋಗಗಳಿಗೆಂದೇ ಮೀಸಲಾದ ಸರಕಾರಿ ಸಂಸ್ಥೆಗಳೆಂದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಹೈದರಾಬಾದಿನ ಎರ್ರಗಡ್ಡದ ಆಸ್ಪತ್ರೆ. ಕವಾಟವನ್ನು ಕೂರಿಸುವ ನುರಿತ ಕೈಗಳು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿವೆ. ವಿದೇಶದಿಂದ ಬರುವ ಕವಾಟಗಳಾದ್ದರಿಂದ ಖರ್ಚು ಹಲವು ಲಕ್ಷ ರೂಪಾಯಿಗಳನ್ನು ಮುಟ್ಟುತ್ತದೆ. ಶಹಾಪುರ, ಸುರಪುರಗಳ ಕಡೆಯವರು ಬಸ್ಸಿನಲ್ಲಿ ಯಾದಗಿರಿಗೆ ಬಂದು ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬೆಂಗಳೂರನ್ನು ಸೇರುವುದೆಂದರೆ, ಉಸಿರಿಗೆ ಕಷ್ಟಪಡುವವರ ಪಾಲಿಗೆ ಅದೇ ಒಂದು ಶಿಕ್ಷೆ.

ಆದುದರಿಂದ ಹೊರಡುವ ಮೊದಲೇ ನಾಲ್ಕು ಪ್ರಶ್ನೆಗಳನ್ನು ಊರಿನ ವೈದ್ಯರಲ್ಲಿ ಕೇಳಿಕೊಳ್ಳುವುದು ಲೇಸು. ರೋಗವು ಗಾಳಿಗೂಡಿನದೋ ನಾಳದ್ದೋ? ಪುಪ್ಪುಸದಲ್ಲಿ ಗಾಳಿ ಸಿಕ್ಕಿಬಿದ್ದಿರುವುದನ್ನು ಅಳೆದಿದ್ದಾರೆಯೆ? ಹಾಲೆಗಳ ನಡುವಣ ಬದು ಪೂರ್ಣವಾಗಿದೆಯೆ? ಬೀಡಿ ಬಿಟ್ಟು, ಸೇದುವ ಔಷಧಿಯನ್ನು ಸರಿಯಾಗಿ ಬಳಸಿ, ವ್ಯಾಯಾಮವನ್ನು ಮುಗಿಸಿದ ಮೇಲೂ ಉಸಿರು ಹೀಗೆಯೇ ಇದೆಯೆ? ಸಿ.ಟಿ. ಚಿತ್ರವನ್ನು ಕಲಬುರಗಿಯಲ್ಲಿಯೇ ತೆಗೆಸಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿಕೊಟ್ಟರೆ, ಎಷ್ಟೋ ಸಲ ರೋಗಿಯು ಅಲುಗಾಡದೆಯೇ ಮೊದಲ ಉತ್ತರವು ಸಿಕ್ಕೀತು. ನಾಲ್ಕಕ್ಕೂ ‘ಹೌದು, ಕವಾಟಕ್ಕೆ ತಕ್ಕ ರೋಗ’ ಎಂಬ ಉತ್ತರ ಬಂದವರಿಗೆ ಆ ಪ್ರಯಾಣವು ಸಾರ್ಥಕ. ಉಳಿದವರು ಹೊಲವನ್ನು ಉಳಿಸಿಕೊಂಡು, ಅದೇ ಹಣದ ಸಣ್ಣದೊಂದು ಪಾಲನ್ನು ಔಷಧಿ, ಆಹಾರ, ಆಮ್ಲಜನಕಗಳಿಗೆ ವಿನಿಯೋಗಿಸುವುದೇ ಜಾಣತನ. ಅದು ಸೋಲೂ ಅಲ್ಲ, ನಿರ್ಲಕ್ಷ್ಯವೂ ಅಲ್ಲ.

ಇನ್ನು ಮನೆಯ ಅಡುಗೆಯೊಲೆ. ಅತ್ತೆಯ ಎದೆಯನ್ನು ಸವೆಸಿದ ಹೊಗೆಯು ಈಗ ಸೊಸೆಯ ಮುಖಕ್ಕೆ ತಾಗುತ್ತಿದ್ದರೆ, ಅವಳ ಲೆಕ್ಕವು 60ನ್ನು ಮುಟ್ಟಲು ಇನ್ನೂ ಕೆಲವು ವರ್ಷಗಳಿವೆ. ರೊಟ್ಟಿಯನ್ನೂ ಗ್ಯಾಸಿನ ಮೇಲೆಯೇ ಬೇಯಿಸುವಂತಾದರೆ, ಅದಾಗದಿದ್ದರೆ ಒಲೆಗೆ ಹೊಗೆಗೊಳವೆಯನ್ನೂ ಗೋಡೆಗೊಂದು ಕಿಟಕಿಯನ್ನೂ ಇಡಿಸಿದರೆ, ಆ ಲೆಕ್ಕದ ವೇಗವು ಇಂದಿನಿಂದಲೇ ಇಳಿಯುತ್ತದೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ.